ಕೋಲಾರದ ಹಳೇ ಬೀದಿಗಳಲ್ಲಿ ದೆವ್ವದ ನಡಿಗೆ: ನೀವೇ ಏರ್ಪಾಡು ಮಾಡುವುದು ಹೇಗೆ

ನಮ್ಮ ಮನೆಯ ಮುಂಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದಿತ್ತು. ತೊಂಬತ್ತರ ದಶಕದ ಮಾತು. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಬರುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಬಾಗಿಲು ತೆಗೆದರೆ ಮುಗೀತು ಅಂತ ಸುದ್ದಿ ಹಬ್ಬಿತ್ತು. ಬಾಗಿಲ ಮೇಲಿನ ಬರಹ ಓದಿಕೊಂಡು ಅದು ವಾಪಸ್ ಹೋಗುತ್ತದಂತೆ. ಮಾರನೆ ರಾತ್ರಿ ಬಂದರೂ ಅದೇ ಬರಹ. ನಮ್ಮಣ್ಣನಿಗೆ ಮಾತ್ರ ಒಂದು ಅನುಮಾನ ಇತ್ತು. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು, ತಮಿಳು ಎಲ್ಲ ಕೇಳಿಸುವ ಕೋಲಾರದಲ್ಲಿ ಈ ದೆವ್ವ ಓದಿದ್ದು ಯಾವ ಮೀಡಿಯಮ್ಮಿನಲ್ಲಿ? ಅಜ್ಜಿ ಅವನ ತಲೆಗೆ ಮೊಟಕಿದಳು. ಬರಹ ಅಳಿಸಲು ಬಿಡಲಿಲ್ಲ.

ಈಗ ಅದೇ ಬೀದಿಗಳಲ್ಲಿ ಆಗಾಗ ಹತ್ತು ಜನರನ್ನು ಕಟ್ಟಿಕೊಂಡು, ದೆವ್ವದ ಕತೆ ಹೇಳುತ್ತಾ ರಾತ್ರಿ ನಡಿಗೆ ಹೊರಡುತ್ತೇನೆ. ಟಿಕೆಟ್ಟಿಲ್ಲ, ಬೋರ್ಡಿಲ್ಲ. ನೆಂಟರು, ಆಫೀಸಿನವರು, ಬೆಂಗಳೂರಿಂದ ಬಂದ ಗೆಳೆಯರು. 'ನಮ್ಮೂರಲ್ಲೂ ಮಾಡಬೇಕು, ಹೇಗೆ?' ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಹೇಳುವುದು ಕೋಲಾರದ ಲೆಕ್ಕ. ಶಿರಾ, ಮಧುಗಿರಿ, ನಂದಿ ಕಡೆಯವರು ಬೀದಿ ಬದಲಿಸಿಕೊಂಡರೆ ಆಯಿತು.

ಇದೇನೂ ನಾನು ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನ ಯಾರ್ಕ್ ಊರಿನಲ್ಲಿ ಇಂಥ ನಡಿಗೆ 1973ರಲ್ಲೇ ಶುರುವಾಯಿತು. ಸ್ಕಾಟ್ಲೆಂಡಿನ ಎಡಿನ್‌ಬರದಲ್ಲಿ 1788ರಲ್ಲಿ ತೆರೆದ ಸೌತ್ ಬ್ರಿಡ್ಜ್ ಅನ್ನುವ ಸೇತುವೆಯ ಕಮಾನುಗಳ ಕೆಳಗೆ ಕತ್ತಲೆ ಕೋಣೆಗಳಿವೆ. ಜನ ದುಡ್ಡು ಕೊಟ್ಟು ಅದರೊಳಗೆ ಇಳಿದು ಹೆದರಿಕೊಂಡು ಬರುತ್ತಾರೆ. ಅವರಿಂದ ಕಲಿಯಬೇಕಾದದ್ದು ಒಂದಿದೆ. ಕತೆಗಾರ ಯಾವುದೋ ಒಂದು ಕಲ್ಲನ್ನೋ ಕಿಟಕಿಯನ್ನೋ ಬೊಟ್ಟು ಮಾಡಿ ತೋರಿಸಿಯೇ ಮಾತು ಶುರು ಮಾಡುತ್ತಾನೆ. 'ಎಲ್ಲೋ ಒಂದು ಊರಲ್ಲಿ' ಅಂತ ಶುರು ಮಾಡಿದರೆ ಅದು ಮನೆಯಲ್ಲಿ ಕೂತು ಹೇಳುವ ಕತೆ. ಅದಕ್ಕೆ ನಡೆಯುವ ಕೆಲಸ ಯಾಕೆ?

ಮೊದಲು ಕತೆ ಹುಡುಕಿ

ಒಂದು ತಿಂಗಳು ಬೇಕು. ಅವಸರ ಮಾಡಬೇಡಿ.

'ಇಲ್ಲಿ ದೆವ್ವ ಇದೆಯಾ ಅಜ್ಜಿ?' ಅಂತ ಯಾರನ್ನೂ ಕೇಳಬೇಡಿ. ನಗುತ್ತಾರೆ, ಇಲ್ಲವೇ ಬೈಯುತ್ತಾರೆ. 'ನೀವು ಚಿಕ್ಕವರಿದ್ದಾಗ ರಾತ್ರಿ ಹೊತ್ತು ಯಾವ ದಾರೀಲಿ ಹೋಗಬೇಡ ಅಂತಿದ್ರು?' ಅಂತ ಕೇಳಿ ನೋಡಿ. ಆಗ ಬಾಯಿ ಬಿಡುತ್ತಾರೆ. ಆ ಹುಣಸೆ ಮರ, ಈ ಹಾಳು ಬಾವಿ, ಕೆರೆ ಏರಿಯ ಮೇಲಿನ ಕೊಳ್ಳಿದೆವ್ವ, ನಡುಮಧ್ಯಾಹ್ನ ಹನ್ನೆರಡಕ್ಕೆ ಹೊರಗೆ ಆಡಲು ಬಿಡದಿದ್ದ ಅಮ್ಮ. ನಮ್ಮ ಕಡೆ ದೆವ್ವಕ್ಕೆ ರಾತ್ರಿಯೇ ಆಗಬೇಕು ಅಂತೇನಿಲ್ಲ ನೋಡಿ, ಉರಿಬಿಸಿಲೂ ಸಾಕು.

ಕೇಳುವುದು ಯಾರನ್ನು? ಹೂ ಕಟ್ಟುವವರು, ಹಳೇ ಟೀ ಅಂಗಡಿಯವರು, ರಾತ್ರಿ ಪಾಳಿ ಮಾಡಿದವರು, ರೇಷ್ಮೆಗೂಡು ಹೊತ್ತುಕೊಂಡು ನಸುಕಿನಲ್ಲಿ ಮಾರ್ಕೆಟ್ಟಿಗೆ ಬರುತ್ತಿದ್ದ ರೈತರು. ಕೋಲಾರದಲ್ಲಿ ಉರ್ದು ಬಲ್ಲ ಒಬ್ಬ ಗೆಳೆಯ ಜೊತೆಗಿದ್ದರೆ ಅರ್ಧ ಊರಿನ ಕತೆ ಹೆಚ್ಚಿಗೆ ಸಿಗುತ್ತದೆ. ಜಿನ್ನಿನ ಕತೆಗಳೇ ಬೇರೆ ಬಗೆ. ಅವಕ್ಕೆ ಮೋಹಿನಿಯ ಹಾಗೆ ಬಿಳಿ ಸೀರೆ, ಗೆಜ್ಜೆ ಏನೂ ಬೇಕಿಲ್ಲ.

ಕೇಳಿದ್ದನ್ನು ಹೇಳಿದವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. 'ಗಾಳಿ ಸೋಕಿತು', 'ನಿವಾಳಿಸಿ ಹಾಕಿದರು', 'ತಾಯತ ಕಟ್ಟಿಸಿದೆವು' ಅಂತ ಅವರು ಅಂದರೆ ಅದನ್ನೇ ಇಟ್ಟುಕೊಳ್ಳಿ. 'ಅತೀಂದ್ರಿಯ ಶಕ್ತಿ' ಅಂತ ತಿದ್ದಿದರೆ ಕತೆ ಅಲ್ಲೇ ಸತ್ತಿತು.

ಆಮೇಲೆ ಜರಡಿ ಹಿಡಿಯಿರಿ

ಇದನ್ನು ಕಲಿತದ್ದು ನಾನು ಒಂದು ತಪ್ಪು ಮಾಡಿ.

ಮೊದಲನೇ ಸಲದ ನಡಿಗೆ. ಒಂದು ಓಣಿಯಲ್ಲಿ ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ ಹಳೇ ಬಾವಿ ಇದೆ. ಜಾಲರಿಯ ಮೇಲೆ ಯಾರೋ ಒಣಹಾಕಿ ಮರೆತ ಚಾಪೆ. ಮದುವೆಯಾಗಿ ಬಂದ ಹುಡುಗಿ ಬಿದ್ದು ಸತ್ತಳಂತೆ, ಈಗಲೂ ಬಿಂದಿಗೆ ಸದ್ದು ಕೇಳುತ್ತದಂತೆ ಅಂತ ನಾನು ದನಿ ತಗ್ಗಿಸಿ ಹೇಳುತ್ತಿದ್ದೆ. ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಪಕ್ಕದ ಮನೆಯ ಬಾಗಿಲು ತೆಗೆಯಿತು. ಅರವತ್ತು ದಾಟಿದ ಹೆಂಗಸು. ಕೈಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಮೊರ ಹಾಗೇ ಇತ್ತು.

'ಏನಪ್ಪಾ ಹೇಳ್ತಿದ್ದೀಯ?' ಅಂದರು.

'ಏನಿಲ್ಲಮ್ಮ, ಸುಮ್ನೆ, ಹಳೇ ಕತೆ.'

'ಕತೆ ಅಲ್ಲ ಅದು. ನಮ್ಮ ಚಿಕ್ಕಮ್ಮ. ನೀರು ಸೇದೋಕೆ ಹೋಗಿ ಜಾರಿ ಬಿದ್ರು. ನನ್ನ ತಲೆ ಬಾಚ್ತಿದ್ದೋರು ಅವರೇ.'

ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬಾಗಿಲು ಹಾಕಿಕೊಂಡು ಒಳಗೆ ಹೋದರು. ಆ ಸಂಜೆ ಮುಂದಿನ ಕತೆ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಎಲ್ಲರಿಗೂ ಟೀ ಕುಡಿಸಿ ಕಳಿಸಿದೆ. ವಾರ ಬಿಟ್ಟು ಅವರ ಮನೆಗೆ ಹೋಗಿ ಮಾತಾಡಿಸಿ ಬಂದೆ. ಬಾವಿಯ ಕತೆ ಪಟ್ಟಿಯಿಂದ ಹೋಯಿತು.

ಅಲ್ಲಿಂದ ನನ್ನ ಜರಡಿ ಇಷ್ಟು. ಸತ್ತವರನ್ನು ಕಂಡವರು, ನೆನೆಯುವವರು ಬದುಕಿದ್ದರೆ ಆ ಕತೆ ಬೇಡ. ಯಾರಾದರೂ ವಾಸವಿರುವ ಮನೆಗೆ ದೆವ್ವ ಅಂಟಿಸುವುದು ಬೇಡ. ಬಾಡಿಗೆಗೆ ಜನ ಬರುವುದಿಲ್ಲ, ಮಗಳಿಗೆ ಗಂಡು ನೋಡಲು ಬರುವವರು ಹಿಂದೆ ಸರಿಯುತ್ತಾರೆ. ನಿಮಗೆ ಒಂದು ಸಂಜೆಯ ಮಜಾ, ಅವರಿಗೆ ಜನ್ಮದ ಗೋಳು. ಒಂದು ಜಾತಿಯನ್ನೋ ಮತವನ್ನೋ ಕೊಂಕಾಗಿ ತೋರಿಸುವ ಕತೆಯಂತೂ ಹತ್ತಿರ ಸೇರಿಸಬೇಡಿ. ಹಳೇ ದೆವ್ವದ ಕತೆಗಳಲ್ಲಿ ಆ ವಿಷ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರುತ್ತದೆ.

ಇಷ್ಟು ಸೋಸಿದರೆ ಇಪ್ಪತ್ತರಲ್ಲಿ ಐದಾರು ಉಳಿಯುತ್ತವೆ. ಒಂದೂವರೆ ಗಂಟೆಯ ನಡಿಗೆಗೆ ಅಷ್ಟು ಸಾಕು.

ದಾರಿ

ನನ್ನ ನಡಿಗೆ ಶುರುವಾಗುವುದು ಕೋಟೆ ಭಾಗದ ಕೋಲಾರಮ್ಮನ ಗುಡಿಯಲ್ಲಿ. ಬೆಳಕು ಇರುವಾಗಲೇ ಸೇರಬೇಕು, ಯಾಕೆಂದರೆ ಇದೂ ಹತ್ತಿರದ ಸೋಮೇಶ್ವರ ದೇವಸ್ಥಾನವೂ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ಕತ್ತಲಾದ ಮೇಲೆ ಒಳಗೆ ಸುತ್ತುವ ಆಸೆ ಬೇಡ.

ಕೋಲಾರಮ್ಮನ ಗುಡಿಯಲ್ಲಿ ದೆವ್ವದ ಕತೆ ಹೇಳುವ ಅಗತ್ಯವೇ ಇಲ್ಲ. ಅಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಈ ತಾಯಿಯನ್ನು ಅವುಗಳಲ್ಲಿ ಪಿಡಾರಿ ಅಂತ ಕರೆದಿದ್ದಾರೆ. ಅಂದರೆ ಸಾವಿರ ವರ್ಷದ ಹಿಂದೆಯೂ ಇವಳು ಊರು ಕಾಯುವ ಉಗ್ರದೇವತೆಯೇ. ಅಮ್ಮನ ಕಣ್ಣಿಗೆ ಕಣ್ಣು ಕೊಟ್ಟು ನೋಡಬಾರದು, ಎದುರಿಗಿಟ್ಟ ಕನ್ನಡಿಯಲ್ಲಿ ನೋಡಬೇಕು ಅನ್ನುವುದು ರೂಢಿ. ಜೊತೆಯಲ್ಲೇ ಚೇಳಮ್ಮ ಇದ್ದಾಳೆ, ಚೇಳು ಕಡಿಯದಂತೆ ಕಾಯುವ ತಾಯಿ. ಈ ಕಲ್ಲುಗುಡ್ಡದ ಸೀಮೆಯಲ್ಲಿ ಚೇಳಿಗೆ ಒಬ್ಬ ದೇವತೆ ಬೇಕಾದದ್ದು ಯಾಕೆ ಅಂತ ಬೇಸಿಗೆಯಲ್ಲಿ ಒಂದು ಕಲ್ಲು ಎತ್ತಿ ನೋಡಿದವರಿಗೆ ಗೊತ್ತು. ಇಷ್ಟನ್ನು ಗುಡಿಯ ಹೊರಗೆ ನಿಂತು ಹೇಳಿ, ಆಮೇಲೆ ಒಬ್ಬೊಬ್ಬರನ್ನೇ ಕನ್ನಡಿಯ ಮುಂದೆ ಬಿಡಿ. ಆ ಸಂಜೆಗೆ ಬೇಕಾದ ಮೌನ ತಾನಾಗಿ ಬರುತ್ತದೆ.

ಅಲ್ಲಿಂದ ಸೋಮೇಶ್ವರನ ಗೋಪುರದ ಕಡೆ. ವಿಜಯನಗರ ಕಾಲದ ಕೆಲಸ. ಹೊತ್ತು ಮುಳುಗುವಾಗ ಬಾವಲಿಗಳು ಏಳುತ್ತವೆ. ಇಲ್ಲಿ ನಾನು ಊರಿನ ಹೆಸರಿನ ಕತೆ ಹೇಳುತ್ತೇನೆ. ಪರಶುರಾಮನಿಗೂ ಕಾರ್ತವೀರ್ಯನಿಗೂ ಬೆಟ್ಟದ ಮೇಲೆ ಕಾಳಗ ಆಯಿತಂತೆ, ಆ ಗದ್ದಲಕ್ಕೆ ಕೋಲಾಹಲಪುರ ಅಂತ ಹೆಸರು ಬಂತಂತೆ. ಶಾಸನಗಳಲ್ಲಿ ಕುವಲಾಲ ಅಂತಿದೆ, ಗಂಗರ ಮೊದಲ ರಾಜಧಾನಿ. ಎರಡನ್ನೂ ಹೇಳಿ, ಯಾವುದು ಪುರಾಣ, ಯಾವುದು ಶಾಸನ ಅಂತ ಬಿಡಿಸಿ ಹೇಳಿ. ಬೆರೆಸಿದರೆ ಕೇಳುವವರಲ್ಲಿ ಒಬ್ಬರಾದರೂ ಮೇಷ್ಟ್ರು ಇರುತ್ತಾರೆ, ಅಲ್ಲೇ ಹಿಡಿಯುತ್ತಾರೆ.

ಆಮೇಲೆ ಓಣಿಗಳು. ಮಣ್ಣಿನ ಗೋಡೆ, ಕಲ್ಲಿನ ಜಗುಲಿ, ನಡುವೆ ಹೊಸ ಟೈಲ್ಸ್ ಹಾಕಿದ ಮೂರಂತಸ್ತು. ಸಣ್ಣ ಪುಟ್ಟ ಕತೆಗಳು ಇಲ್ಲಿಗೆ: 'ನಾಳೆ ಬಾ', ಮೂರು ದಾರಿ ಕೂಡುವ ಕಡೆ ಇಟ್ಟ ಕೆಂಪನ್ನ, ಹುಣಸೆ ಮರದ ಮುನಿ. ಕ್ಲಾಕ್ ಟವರ್ ದಾಟಿಸಿಕೊಂಡು ಕೊನೆಗೆ ಹೈದರಾಲಿಯ ತಂದೆಯ ಗೋರಿ ಇರುವ ಮಕ್‌ಬರಾ.

ಇದು ನನ್ನ ನಡಿಗೆಯ ದೊಡ್ಡ ಕತೆ. ಇದರಲ್ಲಿ ಒಂದೂ ದೆವ್ವ ಇಲ್ಲ.

ಹೈದರಾಲಿ ಹುಟ್ಟಿದ್ದು ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮದ್‌ನ ಗೋರಿ ಕೋಲಾರದಲ್ಲಿದೆ. 1782ರ ಡಿಸೆಂಬರಿನಲ್ಲಿ, ಇಂಗ್ಲಿಷರ ಜೊತೆ ಯುದ್ಧ ನಡೆಯುತ್ತಿರುವಾಗಲೇ, ಚಿತ್ತೂರಿನ ಹತ್ತಿರದ ಬಿಡಾರದಲ್ಲಿ ಹೈದರ್ ತೀರಿಕೊಂಡ. ಮಗ ಟಿಪ್ಪು ಇದ್ದದ್ದು ದೂರದ ಮಲಬಾರಿನಲ್ಲಿ. ದೊರೆ ಸತ್ತ ಅಂತ ಗೊತ್ತಾದರೆ ದಂಡು ಚೆದುರುತ್ತದೆ. ಅದಕ್ಕೆ ಸುದ್ದಿ ಮುಚ್ಚಿಟ್ಟರು. ಪೂರ್ಣಯ್ಯ ಮೊದಲಾದವರು ಏನೂ ಆಗಿಲ್ಲ ಅನ್ನುವಂತೆ ಆಡಳಿತ ನಡೆಸಿದರು. ಹೆಣವನ್ನು ಸುಗಂಧದ್ರವ್ಯ ತುಂಬಿದ ದೊಡ್ಡ ಪೆಟ್ಟಿಗೆಯಲ್ಲಿ ಇಟ್ಟು, ಖಜಾನೆ ಸಾಗಿಸುವ ಹಾಗೆ ಕಾವಲು ಹಾಕಿ, ಗುಟ್ಟಾಗಿ ಕೋಲಾರಕ್ಕೆ ಕಳಿಸಿದರು. ಅಪ್ಪನ ಗೋರಿಯ ಬಳಿ ಇಟ್ಟರು. ಅಲ್ಲಿಂದ ಮುಂದೆ ಶ್ರೀರಂಗಪಟ್ಟಣಕ್ಕೆ ಒಯ್ದು ಗುಂಬಜಿನಲ್ಲಿ ಮಣ್ಣು ಮಾಡಿದರು.

ಇಷ್ಟು ಹೇಳಿ ನಿಲ್ಲಿಸಿ. ಒಂದು ನಿಮಿಷ ಬಿಟ್ಟು, ಆ ಪೆಟ್ಟಿಗೆ ಕಾಯುತ್ತಾ ರಾತ್ರಿಯೆಲ್ಲ ನಡೆದವರಲ್ಲಿ ಎಷ್ಟು ಮಂದಿಗೆ ಒಳಗಿದ್ದದ್ದು ಏನು ಅಂತ ಗೊತ್ತಿತ್ತು ಅಂತ ಕೇಳಿ. ಗಂಧದ ವಾಸನೆ ಬಂದಿರಬೇಕಲ್ವಾ? ನಾನು ಇದನ್ನು ಮಕ್‌ಬರಾದ ಹೊರಗೆ ರಸ್ತೆಯಲ್ಲಿ ನಿಂತು ಹೇಳುತ್ತೇನೆ. ಅದು ಗೋರಿ, ಜನ ಬಂದು ಕೈಮುಗಿಯುವ ಜಾಗ. ಒಳಗೆ ಹೋಗಬೇಕು ಅನ್ನಿಸಿದರೆ ಹಗಲಲ್ಲಿ ಬಂದು, ಅಲ್ಲಿರುವವರನ್ನು ಕೇಳಿ, ತಲೆ ಮುಚ್ಚಿಕೊಂಡು ಹೋಗಿ.

'ಅಂತರಗಂಗೆ ಯಾಕೆ ಸೇರಿಸಿಲ್ಲ?' ಅಂತ ಎಲ್ಲರೂ ಕೇಳುತ್ತಾರೆ. ಊರ ಪಕ್ಕದ ಬೆಟ್ಟದಲ್ಲಿ ಬಸವನ ಬಾಯಿಂದ ನೀರು, ಮೇಲೆ ಬಂಡೆಗಳ ನಡುವೆ ಗುಹೆಗಳು, ದೆವ್ವಕ್ಕೆ ಹೇಳಿ ಮಾಡಿಸಿದ ಜಾಗವೇ. ಆದರೆ ಕತ್ತಲಲ್ಲಿ ಬಂಡೆಸಂದಿನಲ್ಲಿ ಕಾಲು ಉಳುಕಿದರೆ ಹೊತ್ತು ತರುವವರು ಯಾರು? ಬೆಳಿಗ್ಗೆ ಹೋಗಿ ಬನ್ನಿ.

ಕೆಜಿಎಫ್ ವಿಷಯದಲ್ಲಿ ನಾನು ಇನ್ನೂ ಗಟ್ಟಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳ ಇಳಿದ ಸುರಂಗಗಳು ಅಲ್ಲಿವೆ. ಬಂಡೆ ಸಿಡಿದು, ಸುರಂಗ ಕುಸಿದು ಸತ್ತವರ ಮಕ್ಕಳು, ಮೊಮ್ಮಕ್ಕಳು ಅಲ್ಲೇ ಕಾಲೊನಿಗಳಲ್ಲಿ ಇದ್ದಾರೆ, ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಬಾವಿಯ ಪಕ್ಕದ ಆ ಹೆಂಗಸಿನಂಥವರು ಅಲ್ಲಿ ಮನೆಗೊಬ್ಬರು. ಪಾಳು ಶಾಫ್ಟು, ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳ ಕಡೆ ರಾತ್ರಿ ಸುಳಿಯುವುದು ಅಪಾಯ ಕೂಡ.

ದಿನ, ಹೊತ್ತು, ಒಪ್ಪಿಗೆ

ಅಮಾವಾಸ್ಯೆ ಬೇಡ. ಆ ದಿನ ಅಂಗಡಿ ಮನೆಗಳ ಮುಂದೆ ಬೂದುಗುಂಬಳ ಒಡೆಯುತ್ತಾರೆ, ನಿವಾಳಿಸಿ ಹಾಕುತ್ತಾರೆ. ಅದು ಅವರ ಮನೆಯ ವಿಷಯ, ನಮ್ಮ ನಾಟಕಕ್ಕೆ ಪರದೆ ಅಲ್ಲ. ಮಹಾಲಯದ ಪಕ್ಷವೂ ಬೇಡ, ಜನ ಹಿರಿಯರಿಗೆ ಎಡೆ ಇಡುವ ಹೊತ್ತು. ಹುಣ್ಣಿಮೆ, ಅದರ ಮುಂಚಿನ ಎರಡು ದಿನ ಒಳ್ಳೇದು. ಬೆಳದಿಂಗಳಿಗೆ ನೆರಳು ಬೀಳುತ್ತದೆ, ಗುಂಡಿಯೂ ಕಾಣುತ್ತದೆ. ಡಿಸೆಂಬರ್, ಜನವರಿ ನನಗೆ ಇಷ್ಟ. ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ, ಎಂಟಕ್ಕೆ ಮುಗಿಸಬಹುದು. ಒಂಬತ್ತರ ಮೇಲೆ ಓಣಿಯಲ್ಲಿ ಗುಂಪು ನಿಲ್ಲಿಸಬೇಡಿ. ಮಕ್ಕಳು ಮಲಗಿರುತ್ತವೆ.

ಕರೆದುಕೊಂಡು ಹೋಗುವ ಮುಂಚೆ ಅದೇ ದಾರಿಯಲ್ಲಿ ಎರಡು ಸಲ ನಡೆಯಿರಿ, ಒಂದು ಹಗಲು, ಒಂದು ರಾತ್ರಿ. ಹಗಲಲ್ಲಿ ಕಾಣದ್ದು ರಾತ್ರಿ ಗೊತ್ತಾಗುತ್ತದೆ: ಯಾವ ಬೀದಿದೀಪ ಕೆಟ್ಟಿದೆ, ಚರಂಡಿ ಚಪ್ಪಡಿ ಎಲ್ಲಿ ಇಲ್ಲ, ನಾಯಿಗಳ ಗಡಿ ಎಲ್ಲಿಂದ ಶುರು. ನಿಜ ಹೇಳಬೇಕೆಂದರೆ ನಮ್ಮ ನಡಿಗೆಯಲ್ಲಿ ಜನ ಕಿರುಚಿದ್ದೆಲ್ಲ ನಾಯಿಗಳಿಗೇ. ಓಡಬೇಡಿ, ನಿಂತುಬಿಡಿ ಅಂತ ಮೊದಲೇ ಹೇಳಿ.

ಹತ್ತು, ಹನ್ನೆರಡು ಜನ ಮೀರಬಾರದು. ಠಾಣೆಗೆ ಒಂದು ಮಾತು ಹೇಳಿಡಿ. ಬೀಟ್ ಪೊಲೀಸರು ನಡುದಾರಿಯಲ್ಲಿ ತಡೆದು 'ಯಾರು ನೀವೆಲ್ಲ?' ಅಂದರೆ ದೆವ್ವದ ನಡಿಗೆ ಅಂತ ವಿವರಿಸುವುದು ಸುಲಭ ಅಲ್ಲ. ಕತೆ ಹೇಳುವ ಜಾಗದ ಎದುರುಮನೆಯವರಿಗೂ ಮುಂಚಿನ ದಿನವೇ ಹೇಳಿ. ಒಂದಿಬ್ಬರು ತಾವೇ ಜಗುಲಿಗೆ ಬಂದು ಕೂತು ಕೇಳುತ್ತಾರೆ, ತಪ್ಪಿದ ಕಡೆ ತಿದ್ದುತ್ತಾರೆ ಕೂಡ.

ಕಾಲಿಗೆ ಶೂ, ಎರಡು ಟಾರ್ಚ್, ನೀರು. 112 ಎಲ್ಲರ ಫೋನಿನಲ್ಲಿರಲಿ. ಎಂಟು ವರ್ಷದೊಳಗಿನ ಮಕ್ಕಳನ್ನು ನಾನು ಕರೆದುಕೊಂಡು ಹೋಗುವುದಿಲ್ಲ. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಅವರನ್ನು ಬೇರೆಯಾಗಿ ಕರೆದು, ಬರಲೇಬೇಕಾ ಅಂತ ಕೇಳುತ್ತೇನೆ. ರಸ್ತೆಯಲ್ಲಿ ನಿಂಬೆಹಣ್ಣು, ಕುಂಕುಮ ಬಿದ್ದಿದ್ದರೆ ಸುತ್ತು ಬಳಸಿ ಹೋಗಿ. ಫೋಟೊ ಬೇಡ.

ಹೇಳುವ ರೀತಿ

ಮೆಲ್ಲಗೆ ಹೇಳಿ. ಗೋಡೆಯ ಹಿಂದೆ ಗೆಳೆಯನನ್ನು ಅಡಗಿಸಿ 'ಭೋ' ಅನ್ನಿಸುವುದು, ಮೊಬೈಲಿನಲ್ಲಿ ಗೆಜ್ಜೆ ಸದ್ದು ಹಾಕುವುದು ಯಾವುದೂ ಬೇಡ. ಒಮ್ಮೆ ನಗು ಬಂದರೆ ಆಮೇಲೆ ಯಾರೂ ಹೆದರುವುದಿಲ್ಲ.

'ನಿಜವಾ ಇದು?' ಅಂತ ಕೇಳುತ್ತಾರೆ. ಸುಳ್ಳು ಹೇಳಬೇಡಿ. ಜನ ಹೀಗೆ ಹೇಳುತ್ತಾರೆ ಅಂತ ಮಾತ್ರ ಹೇಳಿ, ಗೊತ್ತಿರುವ ಕಾರಣ ಇದ್ದರೆ ಅದನ್ನೂ ಹೇಳಿ. ಹಾಳು ಕಟ್ಟಡದಿಂದ ಸದ್ದೇ ಇಲ್ಲದೆ ತೇಲಿ ಬರುವ ಬಿಳೀ ಆಕೃತಿ ಬಹಳ ಸಲ ಕಣಜ ಗೂಬೆ. ಅದರ ಗರಿಯ ಅಂಚು ಮೆತ್ತಗಿರುವುದರಿಂದ ರೆಕ್ಕೆ ಸದ್ದು ಕೇಳುವುದಿಲ್ಲ. ಕೂಗಿದರೆ ಮಾತ್ರ ಯಾರನ್ನೋ ಕತ್ತು ಹಿಸುಕಿದ ಹಾಗೆ ಇರುತ್ತದೆ. 'ರಾತ್ರಿ ಎದೆ ಮೇಲೆ ಕೂತಿತ್ತು, ಕೂಗೋಕಾಗಲಿಲ್ಲ' ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಕನಸಿನ ನಿದ್ದೆಯಲ್ಲಿ ಮೈಯ ಸ್ನಾಯುಗಳು ಸಡಿಲವಾಗಿರುತ್ತವೆ. ಮೈಗಿಂತ ಮುಂಚೆ ಎಚ್ಚರವಾದರೆ ಕಣ್ಣು ಬಿಟ್ಟರೂ ಕೈ ಏಳುವುದಿಲ್ಲ. ಇದನ್ನು ಹೇಳಿದಾಗ ಒಬ್ಬ ಹುಡುಗ ನಡಿಗೆ ಮುಗಿಯುವ ತನಕ ನನ್ನ ಪಕ್ಕದಲ್ಲೇ ಇದ್ದ. ಎರಡು ವರ್ಷದಿಂದ ಅವನಿಗೆ ಹಾಗಾಗುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ.

ಕಾರಣ ಹೇಳಿದರೆ ಕತೆ ಕೆಡುತ್ತದೆ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಗೂಬೆ ಅಂತ ಗೊತ್ತಿದ್ದೂ ಅದು ಕೂಗಿದಾಗ ಮೈ ಜುಂ ಅನ್ನುತ್ತದೆ. ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಿತಿ ಮಾಡಿದ ಎಚ್. ನರಸಿಂಹಯ್ಯನವರು ಗೌರಿಬಿದನೂರಿನ ಹೊಸೂರಿನವರು, ಆಗ ಅದು ನಮ್ಮ ಕೋಲಾರ ಜಿಲ್ಲೆಯೇ. ಅವರ ಸೀಮೆಯವರಾಗಿ ಸುಳ್ಳು ಹೇಳಿ ಹೆದರಿಸಿದರೆ ನಾಚಿಕೆಗೇಡು.

ಯಾರಾದರೂ 'ನಮ್ಮನೇಲಿ ಒಬ್ಬರಿಗೆ ಮೈಮೇಲೆ ಬರುತ್ತೆ, ಬಿಡಿಸೋರು ಗೊತ್ತಾ?' ಅಂತ ಕೇಳಿದರೆ ಮಾತು ತೇಲಿಸಬೇಡಿ. ಜಿಲ್ಲಾ ಆಸ್ಪತ್ರೆಯ ಮಾನಸಿಕ ವೈದ್ಯರ ಹತ್ತಿರ ಕಳಿಸಿ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು 2017ರ ರಾಜ್ಯದ ಕಾಯ್ದೆಯ ಪ್ರಕಾರ ಅಪರಾಧ.

ಮುಗಿಸುವುದು

ಕತ್ತಲಲ್ಲೇ ಬಿಟ್ಟು ಕಳಿಸಬೇಡಿ. ಬೆಳಕಿರುವ ಟೀ ಅಂಗಡಿಗೆ ಕರೆತನ್ನಿ. ಒಳ್ಳೇ ಕತೆಗಳು ಹೊರಬರುವುದು ಅಲ್ಲೇ, ಗಾಜಿನ ಲೋಟ ಕೈಗೆ ಬಂದ ಮೇಲೆ. ಪುಸ್ತಕ ತೆಗೆದು ಬರೆದುಕೊಳ್ಳಿ, ಮುಂದಿನ ಸಲಕ್ಕೆ ಆಗುತ್ತದೆ. ತಲೆ ಎಣಿಸಿ. ಒಬ್ಬೊಬ್ಬರೇ ಹೋಗಬೇಕಾದ ಹೆಣ್ಣುಮಕ್ಕಳನ್ನು ಆಟೊ ಹತ್ತಿಸಿ. ಬೆಂಗಳೂರಿನವರಿಗೆ ಬಸ್ ಇದೆಯಾ ಅಂತ ಮೊದಲೇ ನೋಡಿಕೊಂಡಿರಿ.

ಮನೆಗೆ ಬಂದರೆ ನಮ್ಮ ಅಮ್ಮ ಬಾಗಿಲಲ್ಲೇ ಚೊಂಬು ನೀರು ಇಟ್ಟಿರುತ್ತಾಳೆ. ಕಾಲು ತೊಳೆದು ಒಳಗೆ ಬಾ ಅನ್ನುತ್ತಾಳೆ. ಗೂಬೆ, ನಿದ್ದೆ, ಸ್ನಾಯು ಎಲ್ಲ ಅವಳಿಗೂ ಹೇಳಿ ನೋಡಿದ್ದೇನೆ. 'ಆಯ್ತು, ಮೊದಲು ಹಿಮ್ಮಡಿ ನೆನೆಸು' ಅನ್ನುತ್ತಾಳೆ.